ಕಲೆ ಕಲಿತವರು ಉಪವಾಸ ಬೀಳುತ್ತಾರೆಂಬ ಮಾತು



ನಿವೃತ್ತನಾದ ಮೇಲೆ ಅನೇಕ ಜಗಳಗಳನ್ನು ನಾನು ಕೈಬಿಟ್ಟಿದ್ದೇನೆ. ಒಂದು ಮಾತಿನ ಮೇಲಿನ ಜಗಳವನ್ನು ಮಾತ್ರ ಬಿಡಲಾಗಿಲ್ಲ. "ಕಲೆಯಿಂದ ಹೊಟ್ಟೆ ತುಂಬುವುದಿಲ್ಲ" ಎಂಬುದೇ ಆ ಮಾತು. ಬೀದರಿನ ಚೌಬಾರಾದ ಸುತ್ತ, ಭಾಲ್ಕಿಯ ಬಸ್ ನಿಲ್ದಾಣದಲ್ಲಿ, ಔರಾದಿನ ಅಮರೇಶ್ವರನ ಜಾತ್ರೆಯಲ್ಲಿ, ಎಲ್ಲಿ ನಿಂತರೂ ಇದನ್ನು ಕೇಳಬಹುದು. ಹುಡುಗ ತಬಲಾ ಕಲಿಯುತ್ತೇನೆಂದರೆ "ಮೊದಲು ನೌಕರಿ ಹಿಡಿ, ಆಮೇಲೆ ಏನು ಬೇಕಾದರೂ ಬಾರಿಸು" ಎನ್ನುತ್ತಾರೆ. ಹುಡುಗಿ ನೃತ್ಯವೆಂದರೆ ಆ ಮಾತನ್ನೂ ಆಡುವುದಿಲ್ಲ, ಸುಮ್ಮನೆ ಮುಖ ತಿರುಗಿಸುತ್ತಾರೆ. ಹೀಗೆನ್ನುವವರು ಕೆಟ್ಟವರಲ್ಲ. ಮಕ್ಕಳ ಮೇಲೆ ಪ್ರಾಣವಿಟ್ಟುಕೊಂಡ ತಂದೆತಾಯಿಗಳು, ಅಜ್ಜಂದಿರು, ನನ್ನಂತೆಯೇ ಪಾಠ ಹೇಳಿ ಬದುಕಿದ ಮುಖ್ಯೋಪಾಧ್ಯಾಯರು. ಆದಕಾರಣ ಮಕ್ಕಳಿಗೆ ಎದುರಾಡಲು ಬಾಯಿ ಬರುವುದಿಲ್ಲ. ಅವರ ಪರವಾಗಿ ನಾನು ಎದುರಾಡಬೇಕೆಂದಿದ್ದೇನೆ.

ಈ ಮಾತು ಬೇರಾವ ಊರಿನಲ್ಲಿ ಹುಟ್ಟಿದ್ದರೂ ನಾನು ಸಹಿಸಬಹುದಿತ್ತು. ಇದು ಬೀದರು! ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ನಮ್ಮೂರಿನ ಹೆಸರು ಇಂದಿಗೂ ಉಳಿದಿರುವುದು ಬಹಮನಿ ಸುಲ್ತಾನರ ಯುದ್ಧಗಳಿಂದಲ್ಲ, ನಮ್ಮ ಜಿಲ್ಲೆಯ ಮಂತ್ರಿಗಳಿಂದಂತೂ ಅಲ್ಲ. ಹುಕ್ಕಾದ ಬುಡ, ಹೂಜಿ, ಪಾನದಾನಿಗಳ ಮೇಲೆ ಬೆಳ್ಳಿಯ ಬಳ್ಳಿ ಬಿಡಿಸಿದ ಕಸಬುದಾರರಿಂದ. ಬಿದರಿ ಎಂಬ ಹೆಸರೇ ಊರಿನದು.

ಆ ಕೆಲಸ ಹೇಗೆ ನಡೆಯುತ್ತದೆಂಬುದನ್ನು ನಿಮ್ಮಲ್ಲಿ ಎಷ್ಟು ಮಂದಿ ಕುಳಿತು ನೋಡಿದ್ದೀರಿ? ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಕರಗಿಸಿ, ಎಣ್ಣೆ ರಾಳ ಬೆರೆಸಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಗೊಳಿಸಿ, ಮೈಲುತುತ್ತದ ನೀರು ಸವರಿ ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಚಿತ್ರ ಬರೆದರೆ ಗೆರೆ ಕಾಣಬೇಕಲ್ಲ, ಅದಕ್ಕೆ. ಆ ಚಿತ್ರಕ್ಕೆ ಕಾಗದದ ಅಚ್ಚಿಲ್ಲ, ಕೈಯಿಂದಲೇ ಗೀಚುತ್ತಾರೆ. ಉಳಿಯಿಂದ ಕೊರೆದ ಗಾಡಿಯಲ್ಲಿ ಬೆಳ್ಳಿಯ ತಂತಿ ಬಡಿದು ಕೂರಿಸಿದರೆ ತಾರಕಶಿ. ತಗಡನ್ನು ಆಳಕ್ಕೆ ಕೂರಿಸಿದರೆ ತೇಹ್‌ನಿಶಾನ್. ಕೊನೆಗೆ ಬೀದರ ಕೋಟೆಯೊಳಗಿನ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಬಿಸಿ ಮಾಡಿದ ಪಾತ್ರೆಗೆ ಹಚ್ಚಿದಾಗ ಸತುವಿನ ಮೈ ಶಾಶ್ವತವಾಗಿ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ರಸಾಯನಶಾಸ್ತ್ರದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಪ್ರಯೋಗಾಲಯವನ್ನು ನಾನು ಕಂಡಿಲ್ಲ. ಆದರೂ ನಮ್ಮ ವಿಜ್ಞಾನ ಶಿಕ್ಷಕರು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದಿಲ್ಲ. ಪ್ರವಾಸವೆಂದರೆ ಮೈಸೂರು!

ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. 2023ರಲ್ಲಿ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಿತು. ಎಲ್ಲರೂ ಸಂಭ್ರಮಪಟ್ಟೆವು. ಆದರೆ ಅದೇ ಓಣಿಗಳಲ್ಲಿ ಕಸಬುದಾರರ ಮಕ್ಕಳು ಉಳಿ ಕೆಳಗಿಟ್ಟು ಬೇರೆ ಕೂಲಿಗೆ ಹೋಗುತ್ತಿದ್ದಾರೆ. ಕಾರಣ ಕಲೆ ಸತ್ತಿತೆಂದಲ್ಲ. ಬೆಳ್ಳಿಯ ಬೆಲೆ 2025ರಲ್ಲಿ ಕಿಲೋಗೆ ಒಂದು ಲಕ್ಷ ರೂಪಾಯಿ ದಾಟಿ ಓಡಿತು. ಅದನ್ನು ಮೊದಲೇ ಕೊಂಡಿಡಲು ಬಡ ಕೆಲಸಗಾರನ ಕೈಯಲ್ಲಿ ಬಂಡವಾಳವಿಲ್ಲ. ಕೊಳ್ಳುವವನಿಗೂ ಮಾಡುವವನಿಗೂ ನಡುವೆ ಅಂಗಡಿಗಳ ಸಾಲೇ ಇದೆ. ಹೊಸ ಕಾಲಕ್ಕೆ ಹೊಸ ವಿನ್ಯಾಸ ಹೇಳಿಕೊಡುವ, ಲೆಕ್ಕಪತ್ರ ಕಲಿಸುವ, ದೂರದ ಗಿರಾಕಿಯೊಡನೆ ವ್ಯವಹರಿಸುವುದನ್ನು ತೋರಿಸುವ ಓದು ಅವನ ಮಗನಿಗೆ ಸಿಕ್ಕಿಲ್ಲ. ನಮ್ಮ ಜಿಲ್ಲೆಯಲ್ಲಿ ಪಶುವೈದ್ಯಕ್ಕೆ ವಿಶ್ವವಿದ್ಯಾಲಯವಿದೆ, ವೈದ್ಯಕೀಯ ಮಹಾವಿದ್ಯಾಲಯವಿದೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಹೊಸ ಬೀದರ ವಿಶ್ವವಿದ್ಯಾಲಯವೂ ಬಂದಿದೆ. ಬಿದರಿಗೆ ಸಿಕ್ಕಿದ್ದು ಬಹುಮಟ್ಟಿಗೆ ಕೆಲವು ತಿಂಗಳ ತರಬೇತಿ ಶಿಬಿರ, ಉತ್ಸವದಲ್ಲಿ ಒಂದು ಮಳಿಗೆ, ಬಂದ ಅತಿಥಿಗೆ ಕೊಡುವ ಕಾಣಿಕೆಯ ಸ್ಥಾನ.

ಇದನ್ನೆಲ್ಲ ಬರೆಯಲು ಒಂದು ನೆಪವಿದೆ. ಕೆಲವು ದಿನಗಳ ಹಿಂದೆ ಭಾಲ್ಕಿಯಿಂದ ಹಳೆಯ ಶಿಷ್ಯನೊಬ್ಬ ದೂರವಾಣಿಯಲ್ಲಿ ಮಾತಾಡಿದ. ಅವನ ಮಗಳು ಪಿಯುಸಿ ಮುಗಿಸಿದ್ದಾಳೆ, ಒಮ್ಮೆ ನೀಟ್ ಬರೆದಿದ್ದಾಳೆ, ಅಂಕ ಸಾಲಲಿಲ್ಲ. "ಸರ್, ಈ ವರ್ಷ ಮತ್ತ ಕೋಚಿಂಗಿಗೆ ಹಚ್ಚೀನಿ. ಆಕಿ ಮಾತ್ರ ಚಿತ್ರಾ ಕಲೀತೀನಿ ಅಂತ ಹಟ ಹಿಡದಾಳ. ನೀವು ಹೇಳಿದ್ರ ಕೇಳ್ತಾಳ, ಒಂದ್ ಮಾತು ಹೇಳ್ರಿ" ಎಂದ. ಚಿತ್ರಕಲೆಯಲ್ಲಿ ಭರವಸೆಯೇನಿದೆ ಎಂಬುದು ಅವನ ಪ್ರಶ್ನೆ.

ಭರವಸೆಯ ಮಾತು ಬಂದಿತಲ್ಲ, ಲೆಕ್ಕವನ್ನೇ ಮಾಡೋಣ. 2025ರಲ್ಲಿ ನೀಟ್ ಪರೀಕ್ಷೆಗೆ ಕುಳಿತವರು 22 ಲಕ್ಷಕ್ಕೂ ಹೆಚ್ಚು. ದೇಶದ ಎಂಬಿಬಿಎಸ್ ಸೀಟುಗಳು, ಸರ್ಕಾರಿ ಖಾಸಗಿ ಎಲ್ಲ ಕೂಡಿ, ಸುಮಾರು 1 ಲಕ್ಷ 20 ಸಾವಿರ. ಅಂದರೆ ಹದಿನೆಂಟು ಮಕ್ಕಳಲ್ಲಿ ಒಬ್ಬರಿಗೆ ಸೀಟು. ಅದರಲ್ಲಿಯೂ ಖಾಸಗಿ ಕಾಲೇಜಿನ ಶುಲ್ಕ ಕಟ್ಟಲಾರದವರನ್ನು ಕಳೆದರೆ ಉಳಿಯುವುದು ಇನ್ನೂ ಕಡಿಮೆ. ಉಳಿದ ಹದಿನೇಳು ಮಕ್ಕಳ ಒಂದು ವರ್ಷ, ಎರಡು ವರ್ಷ, ಕೆಲವರದು ಮೂರು ವರ್ಷ ಹಾಸ್ಟೆಲಿನ ಮಂಚದ ಮೇಲೆ ಕರಗಿ ಹೋಗುತ್ತದೆ. ಇದಕ್ಕೆ ಹೊಲ ಅಡವಿಟ್ಟ ತಂದೆಯರನ್ನು ನಾನು ಬಲ್ಲೆ. ಇಂಥ ಹಾದಿಯನ್ನು ನಮ್ಮಲ್ಲಿ ಯಾರೂ "ಅಪಾಯ" ಎನ್ನುವುದಿಲ್ಲ. ನಾಲ್ಕು ವರ್ಷದ ದೃಶ್ಯಕಲಾ ಪದವಿಯನ್ನು ಮಾತ್ರ ಜೂಜು ಎನ್ನುತ್ತೇವೆ! ಅವನಿಗೆ ನಾನು ಹೇಳಿದ್ದು ಇಷ್ಟೆ: "ಮಗಳಿಗೆ ನಾನೇನೂ ಹೇಳೂದಿಲ್ಲಪ್ಪಾ, ನಿನಗೇ ಹೇಳ್ತೀನಿ. ಎರಡೂ ಲೆಕ್ಕ ಒಂದೇ ಕಾಗದದ ಮ್ಯಾಲ ಬರಿ." ವೈದ್ಯಳಾಗಲೇಬೇಕೆಂದು ತಾನಾಗಿಯೇ ಹಂಬಲಿಸುವ ಮಗುವಿದ್ದರೆ ಮೂರು ಬಾರಿಯಾದರೂ ಬರೆಯಲಿ, ನನ್ನ ಅಡ್ಡಿಯಿಲ್ಲ. ಇವಳು ಹಂಬಲಿಸುತ್ತಿಲ್ಲ.

ಕಲಾವಿದರ ಹೆಸರು ಹೇಳಿ ಎಂದರೆ ಹೇಳಬಲ್ಲೆ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳ ಚಿತ್ರ ಬರೆದು ದೇಶದ ಮನೆಮನೆಯ ಗೋಡೆಗೆ ದೇವತೆಗಳನ್ನು ತಂದರು. ಅದು ಅವರ ಉದ್ಯೋಗವಾಗಿತ್ತು, ಬಿಡುವಿನ ಹವ್ಯಾಸವಲ್ಲ. ಭಾಲ್ಕಿ ತಾಲ್ಲೂಕಿನ ತೇಗಂಪುರದ ವೈಜನಾಥ ಬಿರಾದಾರರು ನಾಟಕ ಕಂಪನಿಗಳಿಂದ ಹೊರಟು ನೂರಾರು ಚಿತ್ರಗಳಲ್ಲಿ ಭಿಕ್ಷುಕನ, ಕುಡುಕನ ಸಣ್ಣ ಪಾತ್ರ ಮಾಡಿದರು. 2010ರಲ್ಲಿ ಬಂದ ಗಿರೀಶ ಕಾಸರವಳ್ಳಿಯವರ 'ಕನಸೆಂಬ ಕುದುರೆಯನೇರಿ' ಚಿತ್ರದ ಅಭಿನಯಕ್ಕೆ ಮರುವರ್ಷ ಸ್ಪೇನಿನ ಮ್ಯಾಡ್ರಿಡ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟರೆನಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಥೆಯಂತೂ ನಿಮಗೆ ತರಗತಿಯಲ್ಲಿ ನಾನೇ ಹೇಳಿದ್ದೆ. ಪಂಚಾಕ್ಷರ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಹಾಡು, ವಾದ್ಯ ಕಲಿಸಿ ಅವರು ಯಾರ ಮುಂದೆಯೂ ಕೈಯೊಡ್ಡದಂತೆ ಮಾಡಿದರು; ಆಶ್ರಮದ ಅನ್ನಕ್ಕೆ ನಾಟಕ ಕಂಪನಿ ಕಟ್ಟಿ ದುಡಿದರು. ಕಲೆ ಹೊಟ್ಟೆ ತುಂಬಿಸುವುದಿಲ್ಲ ಎನ್ನುವವರು ಗದಗಿಗೆ ಹೋಗಿ ಆ ಪಂಕ್ತಿಯಲ್ಲೊಮ್ಮೆ ಕುಳಿತು ಬರಲಿ.

ಆದರೆ ದೊಡ್ಡವರ ಹೆಸರುಗಳಿಂದ ವಾದ ಗೆಲ್ಲುವುದಿಲ್ಲವೆಂದು ಬಲ್ಲೆ. "ಅದು ಅವರ ದೈವ" ಎಂದುಬಿಡುತ್ತೀರಿ. ಸರಿ. ಎಲ್ಲ ಎಂಜಿನಿಯರರೂ ವಿಶ್ವೇಶ್ವರಯ್ಯನವರಾಗುವುದಿಲ್ಲ. ಆದರೂ ಎಂಜಿನಿಯರಿಂಗಿಗೆ ಸೇರಿಸುತ್ತೀರಿ, ಏಕೆಂದರೆ ನಡುವೆ ಸಾವಿರಾರು ಸಾಧಾರಣ ಹುದ್ದೆಗಳಿವೆ. ಕಲೆಯಲ್ಲಿ ಆ ನಡುವಣ ಮೆಟ್ಟಿಲುಗಳನ್ನೇ ನಾವು ಕಿತ್ತುಹಾಕಿದ್ದೇವೆ. ನನ್ನ ಜಗಳದ ತಿರುಳು ಇದು.

ಒಂದು ಹಳೆಯ ಸಂಗತಿ ನೆನಪಿಸಿಕೊಳ್ಳಿರಿ. ನಿಜಾಮನ ಕಾಲದಲ್ಲಿ ನಮ್ಮ ಹಿರಿಯರು ಕನ್ನಡದ ಬಗೆಗೆ ಇದೇ ಮಾತು ಆಡುತ್ತಿದ್ದರು. ಕಚೇರಿ ಉರ್ದುವಿನದು, ನೌಕರಿ ಉರ್ದುವಿನದು, ಕನ್ನಡ ಕಲಿತವನು ಏನು ತಿಂದಾನು? ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಆಗ ಅದು ಅನ್ನ ಕೊಡದ ವಿದ್ಯೆ. 1948ರಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತು, 1956ರಲ್ಲಿ ಬೀದರು ಮೈಸೂರು ರಾಜ್ಯಕ್ಕೆ ಬಂದಿತು. ಕನ್ನಡ ಶಾಲೆಗಳು ತೆರೆದವು, ಹುದ್ದೆಗಳು ಹುಟ್ಟಿದವು, ಅದೇ ಕನ್ನಡ ಕಲಿತವರು ಮಾಸ್ತರರಾದರು, ಗುಮಾಸ್ತರಾದರು. ನನ್ನ ಅನ್ನವೂ ಅಲ್ಲಿಂದಲೇ ಬಂದದ್ದು. ಕನ್ನಡದ ಸ್ವಭಾವ ರಾತ್ರೋರಾತ್ರಿ ಬದಲಾಯಿತೇ? ಇಲ್ಲ, ಅದಕ್ಕೊಂದು ಹುದ್ದೆಯನ್ನು ಸರ್ಕಾರ ಸೃಷ್ಟಿಸಿತು.

ಚಿತ್ರಕಲೆ, ಸಂಗೀತಗಳಿಗೂ ಹಾಗೆ ಹುದ್ದೆಗಳಿದ್ದವು. ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷೆ ಪಾಸಾದ ಹುಡುಗನಿಗೆ ಮುಂದೆ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕನಾಗುವ ಆಸೆಯೊಂದಿತ್ತು. ನಾನು ಕಂಡ ಶಾಲೆಗಳಲ್ಲಿ ಆದದ್ದೇನು? ಚಿತ್ರಕಲಾ ಮಾಸ್ತರರು ನಿವೃತ್ತರಾದರು. ಕುರ್ಚಿ ಖಾಲಿ ಉಳಿಯಿತು. ಮೊದಲು ಅವರ ತಾಸನ್ನು ಗಣಿತಕ್ಕೆ ಕೊಟ್ಟರು, ಆಮೇಲೆ ವೇಳಾಪಟ್ಟಿಯಿಂದಲೇ ಅಳಿಸಿದರು. ವರ್ಷದ ಕೊನೆಯಲ್ಲಿ ಅಂಕಪಟ್ಟಿಯ ಕಲೆಯ ಅಂಕಣದಲ್ಲಿ ಎಲ್ಲ ಮಕ್ಕಳಿಗೂ ಸಾಲಾಗಿ "ಎ" ಶ್ರೇಣಿ ಬರೆದರು. ಒಂದು ಶಾಲೆಯ ಸಿಬ್ಬಂದಿ ಸಭೆಯಲ್ಲಿ ಇದನ್ನು ನಾನು ಪ್ರಶ್ನಿಸಿದಾಗ, "ಫಲಿತಾಂಶ ಕೇಳುವವರು ಗಣಿತ ಕೇಳುತ್ತಾರೆ, ಗಿಳಿಯ ಚಿತ್ರ ಕೇಳುವುದಿಲ್ಲ" ಎಂಬ ಉತ್ತರ ಬಂದಿತು. ಎಲ್ಲರೂ ನಕ್ಕರು.

2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯನ್ನು ತೆಗೆದು ಓದಿರಿ. ಆರರಿಂದ ಎಂಟನೆಯ ತರಗತಿಯವರೆಗಿನ ಶಾಲೆಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಪೂರ್ಣಾವಧಿ ಮುಖ್ಯೋಪಾಧ್ಯಾಯರ ಜೊತೆಗೆ ಕಲಾ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಾನುಭವಗಳಿಗೆ ಅರೆಕಾಲಿಕ ಬೋಧಕರು ಇರಬೇಕೆಂದು ಅಲ್ಲಿ ಅಚ್ಚಾಗಿದೆ. ಅದು ಶಿಫಾರಸು ಅಲ್ಲ, ಕಾನೂನು. ಔರಾದ ತಾಲ್ಲೂಕಿನ ಹಳ್ಳಿಗಳನ್ನೆಲ್ಲ ಸುತ್ತಿದ ನಿಮ್ಮಲ್ಲಿ ಎಷ್ಟು ಜನ ಇಂಥ ಬೋಧಕರನ್ನು ಕಂಡಿದ್ದೀರಿ? ಕೇಂದ್ರ ಸರ್ಕಾರದ ಶಾಲೆಗಳಿಗೆ ಮಾತ್ರ ಇದು ಅಸಾಧ್ಯವಾಗಿಲ್ಲ. ಬಸವಕಲ್ಯಾಣ ತಾಲ್ಲೂಕಿನ ನಾರಾಯಣಪುರದ ನವೋದಯದಂಥ ಶಾಲೆಗಳಿಗೆ ಕಲೆಗೊಬ್ಬರು, ಸಂಗೀತಕ್ಕೊಬ್ಬರು ಶಿಕ್ಷಕರ ಹುದ್ದೆ ಮಂಜೂರಾಗಿರುತ್ತದೆ. ಒಂದೇ ಜಿಲ್ಲೆ, ಒಂದೇ ನೀರು. ಅಲ್ಲಿನ ಮಗುವಿಗೆ ಬೇಕಾದದ್ದು ಇಲ್ಲಿನ ಮಗುವಿಗೆ ಹೇಗೆ ಬೇಡವಾಗುತ್ತದೆ?

ಇಲ್ಲಿ ಎರಡು ನಷ್ಟಗಳಿವೆ. ಶಾಲೆಯ ಹುದ್ದೆ ಕಲಾವಿದನಿಗೆ ಮೊದಲ ಸಂಬಳ. ಜೊತೆಗೆ ನಾಳೆ ಅವನ ಚಿತ್ರವನ್ನು ಕೊಳ್ಳುವ, ಅವನ ಹಾಡಿಗೆ ಟಿಕೆಟು ತೆಗೆಯುವ ನಾಗರಿಕ ತಯಾರಾಗುವುದೂ ಆ ತಾಸಿನಲ್ಲಿಯೇ. ಆ ತಾಸು ಇಲ್ಲದೆ ಬೆಳೆದ ಎರಡು ತಲೆಮಾರುಗಳು ಈಗ ಮನೆ ಕಟ್ಟಿಸುತ್ತಿವೆ. ಗೋಡೆಗೆ ಲಕ್ಷ ರೂಪಾಯಿಯ ಟೈಲ್ಸು ಹಾಕಿಸಿ, ಅದರ ಮೇಲೆ ಇನ್ನೂರು ರೂಪಾಯಿಯ ಮುದ್ರಿತ ಜಲಪಾತವನ್ನು ತೂಗುಹಾಕುತ್ತವೆ. ಬೀದರಿನ ಮನೆಗಳಲ್ಲಿ ಬಿದರಿಯ ಒಂದು ತಟ್ಟೆಯೂ ಇರುವುದಿಲ್ಲ. (ನನ್ನ ಬಂಧುಗಳು ಕೋಪಿಸಿಕೊಳ್ಳಬಾರದು, ನಿಮ್ಮ ಗೃಹಪ್ರವೇಶಗಳಿಗೆ ನಾನೂ ಬಂದವನೇ.)

ಔರಾದಿನ ತಾಂಡಾಗಳ ವಿಷಯಕ್ಕೆ ಬಂದರೆ ಇನ್ನೂ ಸಂಕಟವಾಗುತ್ತದೆ. ಲಂಬಾಣಿ ತಾಯಂದಿರ ಕೈಯಲ್ಲಿ ಕನ್ನಡಿ, ಕವಡೆ, ಬಣ್ಣದ ದಾರಗಳ ಹೊಲಿಗೆ ತಲೆತಲಾಂತರದಿಂದ ಬಂದಿದೆ. ಅದೇ ಕೈಗೆಲಸ ಸಂಡೂರಿನಲ್ಲಿ ಕುಶಲ ಕಲಾ ಕೇಂದ್ರದ ಮೂಲಕ ಸಂಘಟಿತವಾಯಿತು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿ ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಮಹಿಳೆಯರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ನಮ್ಮ ತಾಂಡಾಗಳಿಂದ ಸುಗ್ಗಿ ಬಂದರೆ ಕಬ್ಬು ಕಡಿಯಲು ಗಂಟುಮೂಟೆ ಕಟ್ಟುತ್ತಾರೆ, ಮಕ್ಕಳು ಶಾಲೆ ಬಿಟ್ಟು ಜೊತೆಗೆ ಹೋಗುತ್ತಾರೆ. ಸಂಡೂರಿನ ಸೂಜಿ ಬೇರೆ, ಔರಾದಿನ ಸೂಜಿ ಬೇರೆಯೇ? ಅಲ್ಲಿ ಯಾರೋ ಕೆಲವರು ಕುಳಿತು ವರ್ಷಗಟ್ಟಲೆ ಸಂಸ್ಥೆ ಕಟ್ಟಿದರು. ನಾವು ಜಯಂತಿಯ ದಿನ ಅದೇ ಉಡುಪು ತೊಡಿಸಿ ಮೆರವಣಿಗೆಯಲ್ಲಿ ಕುಣಿಸಿದೆವು.

ಗೌರವದ ವಿಷಯದಲ್ಲಿ ನಾವು ಬಡವರಲ್ಲ ನೋಡಿರಿ. ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ. ಜಿಲ್ಲಾ ಉತ್ಸವವೆಂದರೆ ಮುಖ್ಯ ವೇದಿಕೆಯ ರಾತ್ರಿಯ ಹೊತ್ತು ಮುಂಬಯಿ, ಬೆಂಗಳೂರಿನವರಿಗೆ. ನಮ್ಮ ಮೊಹರಂ ಪದದವರಿಗೆ, ಬುಲಾಯಿ ಹಾಡುವ ತಾಯಂದಿರಿಗೆ, ಕೋಲಾಟದವರಿಗೆ ಖಾಲಿ ಕುರ್ಚಿಗಳ ಎದುರು ಮಧ್ಯಾಹ್ನದ ಬಿಸಿಲು. ದುಡಿಯುವ ವಯಸ್ಸಿನಲ್ಲಿ ಕೆಲಸ ಕೊಡದೆ, 58 ದಾಟಿದ ಮೇಲೆ ಕಷ್ಟದಲ್ಲಿರುವ ಕಲಾವಿದನೆಂದು ಅರ್ಜಿ ಹಾಕಿಸಿ ಒಂದಿಷ್ಟು ಮಾಸಾಶನ ಕೊಡುತ್ತೇವೆ. ಅದು ಸಿಕ್ಕವರು ಸುಖವಾಗಿರಲಿ. ಅದನ್ನು ಜೀವನಮಾರ್ಗವೆಂದು ನನಗೆ ತೋರಿಸಬೇಡಿರಿ.

"ಸರ್, ಈಗ ಕಂಪ್ಯೂಟರೇ ಚಿತ್ರ ಬರೆಯುತ್ತದಲ್ಲ" ಎಂಬ ಹೊಸ ವಾದವನ್ನೂ ಕೇಳಿದ್ದೇನೆ. ನಾನು ನೌಕರಿಗೆ ಸೇರಿದ ಕಾಲದಲ್ಲಿ ಬೀದರಿನ ಅಂಗಡಿಗಳ ಫಲಕಗಳನ್ನೆಲ್ಲ ಪೇಂಟರುಗಳು ಬರೆಯುತ್ತಿದ್ದರು. ಕನ್ನಡ, ಉರ್ದು, ಮರಾಠಿ ಮೂರೂ ಲಿಪಿಯನ್ನು ಮುತ್ತಿನಂತೆ ಬರೆಯಬಲ್ಲವರಿದ್ದರು. ಫ್ಲೆಕ್ಸ್ ಬಂದು ಆ ಕೆಲಸವನ್ನು ನುಂಗಿತು. ಆದರೆ ಅವರಲ್ಲಿ ಯಾರಿಗೆ ವಿನ್ಯಾಸದ ಕಣ್ಣಿತ್ತೋ ಅವರು ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನ ಮುಂದೆ ಕುಳಿತರು. ಅಕ್ಷರ ತುಂಬುವುದಷ್ಟೇ ಬರುತ್ತಿದ್ದವರು ಮನೆಗಳಿಗೆ ಸುಣ್ಣ ಹೊಡೆಯಲು ಹೋದರು. ಯಂತ್ರ ಬಂದಾಗ ಉಳಿಸುವುದು ಹೆಚ್ಚಿನ ವಿದ್ಯೆ. ನೀವು ಆ ವಿದ್ಯೆಯನ್ನೇ ನಿಲ್ಲಿಸಬೇಕೆನ್ನುತ್ತೀರಿ. ಅದಲ್ಲದೆ, ಅದೇ ಯಂತ್ರ ಈಗ ಸಾಫ್ಟ್‌ವೇರ್ ಬರೆಯುತ್ತಿದೆ, ಎಕ್ಸ್-ರೇ ನೋಡುತ್ತಿದೆ. ಅದಕ್ಕಾಗಿ ಯಾರೂ ಮಗನನ್ನು ಎಂಜಿನಿಯರಿಂಗ್ ಬಿಡಿಸಿ ಕರೆತಂದದ್ದನ್ನು ನಾನು ಕಾಣೆ.

ಹಾದಿಗಳಿವೆ. ಎಸ್ಸೆಸ್ಸೆಲ್ಸಿಯ ನಂತರ ನಮ್ಮಲ್ಲಿ ನಡೆಯುವ "ಮುಂದೇನು?" ಶಿಬಿರಗಳಲ್ಲಿ ಅವುಗಳ ಹೆಸರೆತ್ತುವವರಿಲ್ಲ, ಅಷ್ಟೆ. ಕಲಬುರಗಿಯಲ್ಲಿ ದೃಶ್ಯಕಲೆಯ ಕಾಲೇಜಿದೆ, ರಂಗಾಯಣವಿದೆ. 2017ರಿಂದ ಬೀದರಿನಿಂದ ಅಲ್ಲಿಗೆ ರೈಲೂ ಇದೆ. ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದ ಸರೋಜಿನಿ ನಾಯ್ಡು ಶಾಲೆಯಲ್ಲಿ ಚಿತ್ರ, ನೃತ್ಯ, ರಂಗಭೂಮಿಗಳ ಪದವಿಗಳಿವೆ. ಬೆಂಗಳೂರಿಗಿಂತ ಅದು ನಮಗೆಷ್ಟೋ ಹತ್ತಿರ. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಮಹಾವಿದ್ಯಾಲಯ, ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ. ಹೆಗ್ಗೋಡಿನಲ್ಲಿ 1980ರಿಂದ ನೀನಾಸಂ ರಂಗಶಿಕ್ಷಣ ಕೇಂದ್ರ. ಹಾಡುವ ಮಗುವಿಗೆ ಹತ್ತರಿಂದ ಹದಿನಾಲ್ಕರ ವಯಸ್ಸಿನಲ್ಲಿ ಸಿಸಿಆರ್‌ಟಿಯ ಪ್ರತಿಭಾ ವಿದ್ಯಾರ್ಥಿವೇತನವಿದೆ. ಹದಿನೆಂಟರಿಂದ ಇಪ್ಪತ್ತೈದರವರೆಗಿನವರಿಗೆ ಕೇಂದ್ರ ಸಂಸ್ಕೃತಿ ಮಂತ್ರಾಲಯ ಎರಡು ವರ್ಷ ತಿಂಗಳಿಗೆ 5,000 ರೂಪಾಯಿ ಕೊಡುವ ಯೋಜನೆ ಇಟ್ಟಿದೆ. ಆಕಾಶವಾಣಿಯ ಧ್ವನಿಪರೀಕ್ಷೆ ಪಾಸಾದವನಿಗೆ ಶ್ರೇಣಿ ದೊರೆಯುತ್ತದೆ. ಆನಿಮೇಷನ್, ಗೇಮಿಂಗ್ ಉದ್ಯಮಕ್ಕೆ ರಾಜ್ಯ ಸರ್ಕಾರ 2024ರಲ್ಲಿ ಹೊಸ ನೀತಿಯನ್ನೇ ತಂದಿತು. ಅಲ್ಲಿಯೂ ಮೊದಲು ಕೇಳುವುದು ಕೈಯಿಂದ ರೇಖೆ ಎಳೆಯಲು ಬರುತ್ತದೆಯೇ ಎಂದು. ಇವುಗಳಲ್ಲಿ ಯಾವುದೂ ಬಂಗಲೆ ಕಟ್ಟಿಸುತ್ತದೆಂದು ನಾನು ಹೇಳುವುದಿಲ್ಲ. ಮೊದಲ ಐದಾರು ವರ್ಷ ಕಷ್ಟವೇ. ಮನೆ ಪಾಠ ಹೇಳಬೇಕು, ಮದುವೆಗಳಲ್ಲಿ ಸಾಥ್ ನೀಡಬೇಕು, ವೇದಿಕೆಯ ಪರದೆ ಬರೆಯಬೇಕು. ಕಿರಿಯ ವಕೀಲನೂ ಅಷ್ಟೇ ವರ್ಷ ಖಾಲಿ ಕೈಯಿಂದ ಕೋರ್ಟಿಗೆ ಅಲೆಯುತ್ತಾನೆ. ಅವನಿಗೆ ಕನ್ಯೆ ಕೊಡಲು ನಾವು ಹಿಂಜರಿಯುವುದಿಲ್ಲ.

ನೀವೆಲ್ಲ ಈಗ ದೊಡ್ಡವರಾಗಿದ್ದೀರಿ. ನಿಮ್ಮಲ್ಲಿ ಶಿಕ್ಷಕರಿದ್ದಾರೆ, ಗ್ರಾಮ ಪಂಚಾಯಿತಿಯ ಸದಸ್ಯರಿದ್ದಾರೆ, ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಿದ್ದಾರೆ, ಪುಣೆ, ಬೆಂಗಳೂರು, ಅಮೆರಿಕದಲ್ಲಿ ಸಂಬಳ ಎಣಿಸುವವರಿದ್ದಾರೆ. ಊರಿಗೆ ಬಂದಾಗ ಬಿದರಿಯನ್ನು ಕೊಳ್ಳುವುದಿದ್ದರೆ ಮಾಡಿದವನ ಕೈಯಿಂದಲೇ ಕೊಳ್ಳಿರಿ, ಚೌಕಾಶಿ ಮಾಡಬೇಡಿರಿ. ಮದುವೆಗೆ ಹಾಡುಗಾರನನ್ನು ಕರೆದರೆ ಊಟಕ್ಕೆ ಮೊದಲೇ ಅವನ ಲಕೋಟೆ ಕೊಡಿರಿ; "ನಮ್ಮವನೇ" ಎಂದು ಬರಿ ಶಾಲಿನಲ್ಲಿ ಮುಗಿಸಬೇಡಿರಿ. ಸಮಿತಿಯಲ್ಲಿ ಇರುವವರು ಮುಂದಿನ ಸಭೆಯಲ್ಲಿ ಒಂದೇ ಒಂದು ಪ್ರಶ್ನೆ ಎತ್ತಿರಿ: ಕಾಯಿದೆ ಹೇಳಿದ ಕಲಾ ಬೋಧಕರು ನಮ್ಮ ಶಾಲೆಯಲ್ಲಿ ಎಲ್ಲಿ? ಉತ್ತರ ಬಾರದಿದ್ದರೆ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿ, ಅದರ ನಕಲನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿರಿ. ಅರ್ಜಿಯ ಒಕ್ಕಣೆ ಬೇಕಾದವರಿಗೆ ನಾನು ಬರೆದುಕೊಡುತ್ತೇನೆ.